ಕೆಂಪು ಗಾಜು

ದೀಪವೆಂದರೆ ವಸ್ತುವನ್ನು ತೋರಿಸುವುದರೊಡನೆ ತನ್ನನ್ನೂ ತೋರಿಸಿಕೊಳ್ಳುವುದೆಂದು ಶಾಸ್ತ್ರವನ್ನೋದಿದವರೆಲ್ಲರೂ ಬಲ್ಲರು. ಆದರೆ ತಾನು ಕಾಣಬೇಕು, ತನ್ನನ್ನು ಮಾತ್ರ ಯಾರೂ ಕಾಣಬಾರದು ಎಂಬ ದೀಪವೂ ಒಂದುಂಟು. ಅದು ಕೆಂಪು ಗಾಜನ್ನು ಮುಚ್ಚಿಕೊಂಡ ಇರುಳುಬೇಟೆಯ ದೀಪ.

ಗುಂಡ್ಲುಪೇಟೆಯ ಕಡೆ ಕಾಡಂಚಿನಲ್ಲಿ ಹೊಲವಿರುವ ನನ್ನ ಹಳೆಯ ಶಿಷ್ಯನೊಬ್ಬನು ಹೋದ ವರ್ಷ ಮನೆಗೆ ಬಂದು, ದೊಡ್ಡದೊಂದು ಬ್ಯಾಟರಿಯನ್ನು ನನ್ನ ಮುಂದಿಟ್ಟನು. ಅದರ ಗಾಜಿಗೆ ಕೆಂಪು ಬಣ್ಣ ಬಳಿದಿತ್ತು. “ಮೇಷ್ಟ್ರೇ, ಇದನ್ನ ಹಾಕಿದ್ರೆ ಹಂದಿಗೆ ಬೆಳಕೇ ಕಾಣಲ್ವಂತೆ, ನಿಜವಾ?” ಎಂದು ಕೇಳಿದನು. ಮುಸುಕಿನ ಜೋಳದ ಹೊಲವನ್ನು ಹಂದಿಗಳು ಒಂದೇ ರಾತ್ರಿಯಲ್ಲಿ ಉರುಳಿಸಿದ್ದುವು. ಅವನ ಸಂಗಡಿಗರಲ್ಲಿ ಒಬ್ಬನು ಕೋವಿ ತರುವೆನೆಂದಿದ್ದನಂತೆ. ದೀಪ ಹಿಡಿಯುವ ಕೆಲಸ ಇವನದು.

ಕೇಳಿದ ಪ್ರಶ್ನೆಗೆ ಉತ್ತರ ಹೇಳುವುದು ಉಪಾಧ್ಯಾಯನ ಧರ್ಮವಾದುದರಿಂದ ಮೊದಲು ಅದನ್ನೇ ಹೇಳಿದೆನು. ಕೆಂಪು ಗಾಜು ಬೆಳಕಿಗೆ ಬಣ್ಣವನ್ನು ಕೂಡಿಸುವುದಿಲ್ಲ. ಉಳಿದ ಬಣ್ಣಗಳನ್ನು ನುಂಗಿ ಕೆಂಪನ್ನು ಮಾತ್ರ ಹೊರಕ್ಕೆ ಬಿಡುತ್ತದೆ. ಆದುದರಿಂದಲೇ ದೀಪವು ಮಂಕಾಗುತ್ತದೆ. ಬಣ್ಣವನ್ನರಿಯುವ ಕಣಗಳು ಮನುಷ್ಯನ ಕಣ್ಣಿನಲ್ಲಿ ಮೂರು ಬಗೆ. ಜಿಂಕೆ ಹಂದಿಗಳ ಕಣ್ಣಿನಲ್ಲಿ ಎರಡೇ ಬಗೆ. ಇರುಳಿನಲ್ಲಿ ಕೆಲಸಮಾಡುವ ಬೇರೆ ಕಣಗಳು ಸುಮಾರು 500 ನ್ಯಾನೋಮೀಟರಿನ ಹಸುರುನೀಲಿ ಬೆಳಕಿಗೆ ಬಹು ಚುರುಕು. 650ನ್ನು ದಾಟಿದ ಕೆಂಪಿಗೆ ಬಹು ಮಂದ. ಇದನ್ನು ನಮ್ಮ ಹಿತ್ತಿಲಲ್ಲೇ ಪರೀಕ್ಷಿಸಬಹುದು: ಮುಚ್ಚಂಜೆಯಲ್ಲಿ ಕೆಂಪು ದಾಸವಾಳ ಮೊದಲು ಕಪ್ಪಾಗುತ್ತದೆ, ಎಲೆ ಆಮೇಲೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪುರ್ಕಿನ್ಯೆ ಎಂಬ ವಿದ್ವಾಂಸನು ಇದನ್ನು ಗುರುತಿಸಿದನು. ನಕ್ಷತ್ರವೀಕ್ಷಕರು ಕೆಂಪು ದೀಪವನ್ನಿಟ್ಟುಕೊಳ್ಳುವುದೂ ಇದೇ ಕಾರಣದಿಂದ. ಕತ್ತಲೆಗೆ ಹೊಂದಿಕೊಳ್ಳಲು ಕಣ್ಣಿಗೆ ಅರ್ಧ ಗಂಟೆಯಾದರೂ ಬೇಕು, ಕೆಂಪು ಬೆಳಕು ಆ ಹೊಂದಿಕೆಯನ್ನು ಅಷ್ಟಾಗಿ ಕೆಡಿಸುವುದಿಲ್ಲ.

“ಹಾಗಾದ್ರೆ ನಿಜವೇ ಅನ್ನಿ” ಎಂದನು.

“ನಿಜ. ಆದರೆ ಅರ್ಧ ನಿಜ, ಕೂತುಕೋ” ಎಂದೆನು.

ಜಿಂಕೆ, ದನ, ನಾಯಿ, ಚಿರತೆ, ಇವುಗಳ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂತಹ ಪೊರೆಯೊಂದಿದೆ. ದೀಪ ಬಿದ್ದೊಡನೆ ಅವುಗಳ ಕಣ್ಣು ಕೆಂಡದಂತೆ ಹೊಳೆಯುವುದು ಅದರಿಂದ. ಹಂದಿಯ ಕಣ್ಣಿಗೆ ಆ ಪೊರೆಯಿಲ್ಲ. ಮನುಷ್ಯನ ಕಣ್ಣಿಗೂ ಇಲ್ಲ. ಮಂಕಾದ ಕೆಂಪು ಬೆಳಕಿನಲ್ಲಿ ಹಂದಿಯು ಬರಿಯ ಕಪ್ಪು ಮುದ್ದೆ. ಪಕ್ಕದ ಹೊಲದಲ್ಲಿ ಕಂಬಳಿ ಹೊದ್ದು ಕುಕ್ಕುರುಗಾಲಲ್ಲಿ ಕುಳಿತ ಕಾವಲುಗಾರನೂ ಬರಿಯ ಕಪ್ಪು ಮುದ್ದೆಯೇ. ಇಬ್ಬರ ಕಣ್ಣೂ ಹೊಳೆಯುವುದಿಲ್ಲ. ಕೋವಿ ಹಿಡಿದವನಿಗೆ ಭೇದವನ್ನು ತಿಳಿಸುವವರಾರು? ಮೃಗವನ್ನು ವಂಚಿಸಲು ಬಳಿದ ಬಣ್ಣವು ಮೊದಲು ವಂಚಿಸುವುದು ಬಳಿದವನನ್ನೇ.

ಶಿಷ್ಯನು ಬಹಳ ಹೊತ್ತು ಮಾತನಾಡಲಿಲ್ಲ. ಪಕ್ಕದ ಹೊಲವನ್ನು ಕಾಯುತ್ತಿದ್ದವನು ಅವನ ಸ್ವಂತ ಚಿಕ್ಕಪ್ಪ.

ಸಂಸ್ಕೃತದಲ್ಲಿ ಮೃಗ, ಮೃಗಯಾ ಎಂಬ ಶಬ್ದಗಳಿಗೆ ಮೂಲವಾದ ಧಾತುವಿಗೆ ಅರ್ಥ ‘ಹುಡುಕು’ ಎಂದು. ಹುಡುಕಲ್ಪಡುವುದು ಮೃಗ, ಹುಡುಕಾಟವೇ ಬೇಟೆ. ಬಾಣಕ್ಕೆ ‘ಮಾರ್ಗಣ’ವೆಂದು ಹೆಸರು ಬಂದುದೂ ಹುಡುಕುವುದೆಂಬ ಅರ್ಥದಿಂದಲೇ. ಹುಡುಕಿದುದು ಏನೆಂದು ತಿಳಿಯುವ ಮುನ್ನವೇ ಹೊರಡುವ ಗುಂಡಿಗೆ ಆ ಹೆಸರು ಸಲ್ಲದು. ಕಾಮದಿಂದ ಹುಟ್ಟುವ ಹತ್ತು ವ್ಯಸನಗಳಲ್ಲಿ ಮನುವು ಮೃಗಯೆಯನ್ನೇ ಮೊದಲಿಗೆ ಎಣಿಸಿದನು. ಶಾಕುಂತಲದಲ್ಲಿ ದುಷ್ಯಂತನು ತಾಪಸರ ಒಂದು ಮಾತಿಗೆ ಹೂಡಿದ ಬಾಣವನ್ನು ಹಿಂದೆಗೆದುಕೊಂಡನು. ಹಾಡುಹಗಲಾದುದರಿಂದ ತಡೆಯುವವನೂ ಕಂಡನು, ತಡೆಯಬೇಕಾದುದೂ ಕಂಡಿತು.

ನಮ್ಮ ಸೀಮೆಯೂ ಹಾಗೆಯೇ ಬಾಣವನ್ನು ಹಿಂದೆಗೆದುಕೊಂಡ ಸೀಮೆ. ಮೈಸೂರರಸರು ಬೇಟೆಯಾಡುತ್ತಿದ್ದ ಬಂಡೀಪುರವು 1931ರಲ್ಲಿ ಅಭಯಾರಣ್ಯವಾಯಿತು. 1941ರಲ್ಲಿ ವಿಸ್ತಾರಗೊಂಡು ಗೋಪಾಲಸ್ವಾಮಿಯ ಹೆಸರಿನಿಂದ ವೇಣುಗೋಪಾಲ ವನ್ಯಧಾಮವಾಯಿತು. 1972ರ ಕಾಯಿದೆಯು ವನ್ಯಮೃಗಗಳಿಗೆ ರಕ್ಷಣೆಯನ್ನಿತ್ತಿತು. ಮರುವರ್ಷವೇ ಇಲ್ಲಿ ಹುಲಿಯೋಜನೆ ಬಂದಿತು. 2009ರಿಂದ ಇಲ್ಲಿನ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನಸಂಚಾರಕ್ಕೆ ತಡೆಯುಂಟು. ಮೃಗಗಳಿಗೆ ಅವುಗಳ ಕತ್ತಲೆಯನ್ನು ಹಿಂದಕ್ಕೆ ಕೊಟ್ಟೆವು ಎನ್ನಬಹುದು.

ಆದರೆ ಕತ್ತಲೆಯನ್ನು ಕೊಟ್ಟವರು ಹೊಲವನ್ನು ಕಳೆದುಕೊಂಡವನ ಮಾತನ್ನೂ ಕೇಳಬೇಕು. ಊರಿನಲ್ಲಿ ಕುಳಿತು ಅಹಿಂಸೆಯನ್ನು ಹೊಗಳುವುದು ಸುಲಭ. ಬಿತ್ತನೆಯ ಸಾಲವು ಹೊಗಳಿಕೆಯಿಂದ ತೀರದು. ಆದುದರಿಂದ ಆ ದಿನ ಉಪದೇಶವನ್ನು ಅಲ್ಲಿಗೆ ನಿಲ್ಲಿಸಿ, ಅರಣ್ಯ ಇಲಾಖೆಗೆ ಬೆಳೆನಷ್ಟದ ಪರಿಹಾರಕ್ಕಾಗಿ ಅರ್ಜಿಯನ್ನು ನಾನೇ ಬರೆದುಕೊಟ್ಟೆನು. ಪರಿಹಾರವೇನೋ ಬಂದಿತು, ಆದರೆ ನಷ್ಟದಷ್ಟು ಬರಲಿಲ್ಲ. ಈಗ ಅವನೂ ಚಿಕ್ಕಪ್ಪನೂ ಒಂದೇ ಅಟ್ಟಣೆಯ ಮೇಲೆ ಸರದಿಯಿಂದ ಕಾಯುತ್ತಾರೆ, ತಮಟೆ ಬಡಿಯುತ್ತಾರೆ, ಗಾಜಿನ ಬಣ್ಣವನ್ನು ಕೆರೆದು ತೆಗೆದಿದ್ದಾರೆ. ಬಿಳಿಯ ಬೆಳಕು ಕಂಡರೆ ಹಂದಿಯು ಕೆಲವು ಸಲ ಓಡುತ್ತದೆ, ಕೆಲವು ಸಲ ಓಡುವುದಿಲ್ಲ. ಆದರೆ ಅಟ್ಟಣೆಯ ಮೇಲೆ ಮನುಷ್ಯನಿದ್ದಾನೆಂದು ದೂರದವರಿಗೂ ತಿಳಿಯುತ್ತದೆ.