38 ಚೀಲ ಶೇಂಗಾ ಎಲ್ಲಿ ಹೋಯ್ತು?

"ಆಫ್ ಮಾಡಿ ಆನ್ ಮಾಡಿ ಮಾವ, ಸರಿ ಹೋಗುತ್ತೆ" ಅಂತ ಫೋನಿನಲ್ಲಿ ಹೇಳಿದ್ದು ನಾನೇ. ಬೆಂಗಳೂರಿನಲ್ಲಿ ಮೀಟಿಂಗ್ ಮಧ್ಯೆ ಇದ್ದೆ. ಚಳ್ಳಕೆರೆಯ ಮಂಡಿಯಲ್ಲಿ ಮಾವನ ಕಂಪ್ಯೂಟರ್ ಕಲ್ಲಿನ ಹಾಗೆ ನಿಂತುಬಿಟ್ಟಿತ್ತು. ಶೇಂಗಾ ಸುಗ್ಗಿ, ಹೊರಗೆ ಗಾಡಿಗಳ ಸಾಲು. ಮಾವ ಪವರ್ ಬಟನ್ ಒತ್ತಿ ಹಿಡಿದರು.

ಮತ್ತೆ ಆನ್ ಆದಾಗ ಮೊಳಕಾಲ್ಮುರು ಕಡೆಯ ಒಬ್ಬ ಅಜ್ಜನ 38 ಚೀಲದ ತೂಕ ಫೈಲಿನಲ್ಲಿ ಇರಲಿಲ್ಲ. ಅಜ್ಜ ಆಗಲೇ ಬಸ್ ಹತ್ತಿದ್ದರು. ಮಾಲು ಬೇರೆಯವರ ರಾಶಿಗೆ ಸೇರಿಹೋಗಿತ್ತು. 38 ಅನ್ನೋ ಲೆಕ್ಕವಾದರೂ ಸಿಕ್ಕಿದ್ದು ಹಮಾಲರು ಗೋಡೆ ಮೇಲೆ ಎಳೆದಿದ್ದ ಸೀಮೆಸುಣ್ಣದ ಗೆರೆಯಿಂದ.

ಆ ತೂಕದ ಪ್ರೋಗ್ರಾಂ ಬರೆದುಕೊಟ್ಟವನು ನಾನು. "ಇನ್ನು ಚೀಟಿ ಯಾಕೆ ಮಾವ" ಅಂತ ಅವರ ಪೆನ್ಸಿಲ್ ಚೀಟಿ ಬಿಡಿಸಿದವನೂ ನಾನೇ.

ಆಗಿದ್ದಿಷ್ಟು. ಎಂಟರ್ ಒತ್ತಿದ ತಕ್ಷಣ ಬರೆದದ್ದು ಡಿಸ್ಕಿಗೆ ಹೋಗೋದಿಲ್ಲ. ಡಿಸ್ಕ್ ನಿಧಾನ, ಮೆಮೊರಿ ವೇಗ. ಅದಕ್ಕೇ ಪ್ರೋಗ್ರಾಂ ಮೊದಲು ತನ್ನ ಜೇಬಿಗೆ ಹಾಕಿಕೊಳ್ಳುತ್ತೆ. ನನ್ನ ಪೈಥಾನ್ ಪ್ರೋಗ್ರಾಂನಲ್ಲಿ ಆ ಜೇಬು 8,192 ಬೈಟಿನದು. ಅದು ತುಂಬಿದ ಮೇಲೆ ಲಿನಕ್ಸ್ ಕೈಗೆ ಕೊಡುತ್ತೆ. ಲಿನಕ್ಸ್ ಕೂಡ ಮೆಮೊರಿಯಲ್ಲೇ ಇಟ್ಟುಕೊಂಡು, ಸಾಮಾನ್ಯವಾಗಿ 30 ಸೆಕೆಂಡು ಹಳೆಯದಾದ ಮೇಲೆ ಡಿಸ್ಕಿಗೆ ಇಳಿಸುತ್ತೆ. ಪ್ರೋಗ್ರಾಂ ಮುಚ್ಚಿ, ಆಮೇಲೆ ರೀಸ್ಟಾರ್ಟ್ ಕೊಟ್ಟರೆ ಎರಡೂ ಕಡೆಯದ್ದು ಡಿಸ್ಕ್ ಸೇರುತ್ತೆ. ಬಟನ್ ಒತ್ತಿ ಹಿಡಿದರೆ ಎರಡೂ ಗಾಳಿಗೆ. ಅಜ್ಜನ 38 ಸಾಲು ಆ ಮೊದಲ ಜೇಬನ್ನೇ ದಾಟಿರಲಿಲ್ಲ. ಸಿಂಕ್ ಕಮಾಂಡ್ ಕೊಟ್ಟಿದ್ದರೂ ಉಳಿಯುತ್ತಿರಲಿಲ್ಲ. ಅದು ಲಿನಕ್ಸ್ ಕೈಯಲ್ಲಿ ಇರೋದನ್ನಷ್ಟೇ ಇಳಿಸುತ್ತೆ. ಇದನ್ನೆಲ್ಲ ಆಫೀಸಿನಲ್ಲಿ ಜೂನಿಯರ್‌ಗಳಿಗೆ ಪಾಠ ಮಾಡಿದ್ದೆ ಬೇರೆ!

ಭಾನುವಾರ ಮಾವನ ಜೊತೆ ಮೊಳಕಾಲ್ಮುರಿಗೆ ಹೋದೆ. ಅಜ್ಜನ ಮನೆಯಲ್ಲಿ ಸೊಸೆ ಗುಂಡಿಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದರು. ನಾವು ಕೂತ ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯ್ತು. ಮಗ್ಗದ ಸದ್ದು ನಿಲ್ಲಲಿಲ್ಲ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯ್ತು ಅಂದರೆ ನಗಬೇಡಿ.

ಮಾವ ತೂಕದ ಮಾತು ತೆಗೆದ ಕೂಡಲೇ ಅಜ್ಜ ಕೈ ಅಡ್ಡ ಮಾಡಿದರು. "ಕಂಪ್ಯೂಟರ್‌ನಾಗೆ ಎಷ್ಟೈತೋ ಅಷ್ಟು ಕೊಡಿ ಸಾವ್ಕಾರ್ರೇ. ಅದೇನ್ ಸುಳ್ಳು ಹೇಳ್ತೈತಾ?"

ಮಾವ ನನ್ನ ಮುಖ ನೋಡಿದರು. ಯಾವ ಅಂಕಿ ಹೇಳಿದ್ದರೂ ಅಜ್ಜ ಒಪ್ಪುತ್ತಿದ್ದರು. ಅದೇ ನನ್ನನ್ನ ಇವತ್ತಿಗೂ ಕಾಡೋದು.

"ಅದರಾಗೆ ಏನೂ ಇಲ್ಲ ಯಜಮಾನ್ರೇ, ಅಳಿಸಿಹೋಗೈತೆ" ಅಂದರು ಮಾವ. ಅಜ್ಜ ನನ್ನ ಕಡೆ ತಿರುಗಿ, "ಹಂಗಾರೆ ಅದ್ಯಾತಕ್ಕಪ್ಪಾ ತಂದಿದ್ದು?" ಅಂತ ಕೇಳಿದರು. ಕೋಪದಿಂದ ಅಲ್ಲ, ನಿಜವಾಗಿ ತಿಳಿಯೋಕೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಅವತ್ತಿನ ಬೇರೆ ಚೀಲಗಳ ಸರಾಸರಿ ಹಿಡಿದು, ಚೀಲಕ್ಕೆ ಒಂದು ಕೇಜಿ ಮೇಲೆ ಸೇರಿಸಿ ಮಾವ ದುಡ್ಡು ಕೊಟ್ಟರು. ಅಜ್ಜನಿಗೆ ಹೆಚ್ಚು ಬಂತೋ ಕಡಿಮೆ ಬಂತೋ, ಯಾರಿಗೂ ಗೊತ್ತಿಲ್ಲ.

ವಾಪಸ್ ಬಂದ ರಾತ್ರಿಯೇ ಪ್ರೋಗ್ರಾಂ ಬದಲಾಯಿಸಿದೆ. ಈಗ ಪ್ರತಿ ಚೀಲಕ್ಕೂ ಫ್ಲಶ್, ಅದರ ಹಿಂದೆಯೇ ಎಫ್‌ಸಿಂಕ್. ಡಿಸ್ಕಿನಿಂದ ಉತ್ತರ ಬಂದ ಮೇಲಷ್ಟೇ ಪರದೆಯಲ್ಲಿ ಹಸಿರು ಟಿಕ್. ಸ್ವಲ್ಪ ನಿಧಾನ, ಆದರೆ ತಕ್ಕಡಿಗಿಂತ ನಿಧಾನ ಅಲ್ಲ. ಒಂದು ಚಿಕ್ಕ ಯುಪಿಎಸ್ ಕೂಡ ಇಟ್ಟೆ. ಮತ್ತೆ ಹ್ಯಾಂಗ್ ಆದರೆ ಅಂತ ಮಾನಿಟರ್ ಮೇಲೆ ಚೀಟಿ ಅಂಟಿಸಿದ್ದೇನೆ: ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಒತ್ತಿ ಹಿಡಿದು, ನಡುವೆ ಸ್ವಲ್ಪ ತಡೆದು, ಎಸ್, ಯು, ಬಿ. ಎಸ್ ಅಂದರೆ ಲಿನಕ್ಸ್ ಕೈಯಲ್ಲಿರೋದನ್ನ ಡಿಸ್ಕಿಗೆ ಇಳಿಸು, ಯು ಅಂದರೆ ಇನ್ನು ಬರೆಯೋದು ಬಂದ್, ಬಿ ಅಂದರೆ ರೀಬೂಟ್.

ಮಾವ ಪೆನ್ಸಿಲ್ ಚೀಟಿ ಮತ್ತೆ ಶುರು ಮಾಡಿದ್ದಾರೆ. ಹಸಿರು ಟಿಕ್ ಬಂದ ಮೇಲೆ ಅದನ್ನ ತಂತಿಗೆ ಚುಚ್ಚುತ್ತಾರೆ. ಈ ಸಲ ನಾನು ಏನೂ ಹೇಳಲಿಲ್ಲ.