ತಾರಸಿಯ ಬೀಗದ ಕೈ

ರಾಜಾಜಿನಗರದಲ್ಲಿ ನಾನು ಓದಿದ ಶಾಲೆಯಲ್ಲಿ ನಮ್ಮ ತರಗತಿಗೆ ಇದ್ದದ್ದು ಒಂದೇ ಬಲ್ಬು, ಅರವತ್ತು ವ್ಯಾಟಿನದು. ಫ್ಯಾನ್ ಇರಲಿಲ್ಲ. ಮಂಗಳೂರು ಹೆಂಚಿನ ನಡುವೆ ಎರಡು ಗಾಜಿನ ಹೆಂಚು ಹಾಕಿದ್ದರು; ಬಿಸಿಲಿದ್ದ ದಿನ ಅದೇ ಬೆಳಕು. ಜುಲೈ ತಿಂಗಳ ಮೋಡಕ್ಕೆ ಹಿಂದಿನ ಬೆಂಚಿನವರಿಗೆ ಬೋರ್ಡು ಕಾಣುತ್ತಿರಲಿಲ್ಲ. ಮೇಷ್ಟ್ರು ಬರೆದದ್ದನ್ನು ಮುಂದಿನವರ ನೋಟ್‌ಬುಕ್ಕಿನಿಂದ ಇಳಿಸಿಕೊಳ್ಳುತ್ತಿದ್ದೆವು. ಆ ಕಾಲವೇ ಚೆನ್ನಾಗಿತ್ತು ಎನ್ನುವವರ ಮಾತಿಗೆ ನಾನು ತಲೆಯಾಡಿಸಲಾರೆ. ಕಣ್ಣು ಕಿರಿದು ಮಾಡಿಕೊಂಡು ಓದಿದ ಆ ಹಿಂದಿನ ಬೆಂಚಿನಲ್ಲಿ ಎಸ್ಸೆಸ್ಸೆಲ್ಸಿವರೆಗೆ ಬಂದವರು ಕಡಿಮೆ.

ಅಪ್ಪ ಇಂಡಸ್ಟ್ರಿಯಲ್ ಟೌನಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಟರ್ನರ್. ಮಳೆಗಾಲದಲ್ಲಿ ಪೇಪರ್ ಬಂದ ಕೂಡಲೇ ಅವರು ಹುಡುಕುತ್ತಿದ್ದದ್ದು ಲಿಂಗನಮಕ್ಕಿಯ ನೀರಿನ ಮಟ್ಟ. ಭರ್ತಿಯಾದರೆ 1819 ಅಡಿ. ಶರಾವತಿಯ ಕಡೆ ಮಳೆ ಕೈಕೊಟ್ಟರೆ ನಮ್ಮ ಬೀದಿಗೆ ಕತ್ತಲು, ಅಪ್ಪನ ಲೇತಿಗೆ ರಜೆ. ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಅಲ್ಲಿಯವರೆಗೆ ರಾಜ್ಯದ ಕರೆಂಟು ಹೆಚ್ಚುಕಡಿಮೆ ಮಳೆಯನ್ನೇ ನಂಬಿತ್ತು. ಪಬ್ಲಿಕ್ ಪರೀಕ್ಷೆಗೆ ನಾನು ಓದಿದ್ದು ಸೀಮೆಎಣ್ಣೆ ಲಾಟೀನಿನ ಮುಂದೆ. ನಮ್ಮ ತಲೆಯ ಮೇಲೇ ಉರಿಯುತ್ತಿದ್ದ ಬಿಸಿಲಿನಿಂದ ಕರೆಂಟು ತೆಗೆಯಬಹುದು ಎಂದು ಆಗ ನಮ್ಮ ಬೀದಿಯಲ್ಲಿ ಯಾರೂ ಯೋಚಿಸಿರಲಿಲ್ಲ.

ಮೂವತ್ತು ವರ್ಷ ಎಲೆಕ್ಟ್ರಿಕಲ್ ಕೆಲಸ ಮಾಡಿ ಬಿಟ್ಟ ಮೇಲೆ, ಈಗ ಇಬ್ಬರು ಗೆಳೆಯರ ಜೊತೆ ರಾಜಾಜಿನಗರ, ಬಸವೇಶ್ವರನಗರದ ಶಾಲೆಗಳಿಗೆ ಹೋಗುತ್ತೇನೆ. ಸೋಲಾರ್ ಹಾಕಿಸಬೇಕೆಂದಿರುವ ಶಾಲೆ ಅದಕ್ಕೆ ತಯಾರಾಗಿದೆಯೇ ಎಂದು ನೋಡಿ ಹೇಳುವುದು ನಮ್ಮ ಕೆಲಸ. ಒಂದು ಬಲ್ಬಿದ್ದ ಜಾಗದಲ್ಲಿ ಇಂದು ಸ್ಮಾರ್ಟ್ ಬೋರ್ಡು, ಕಂಪ್ಯೂಟರ್ ಕೋಣೆ, ಕುಡಿಯುವ ನೀರಿನ ಫಿಲ್ಟರು, ಮೋಟಾರು, ಸಿಸಿ ಕ್ಯಾಮೆರಾ. ಇಷ್ಟೂ ನಡೆಯುವುದು ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ, ಅಂದರೆ ಬಿಸಿಲಿರುವಾಗಲೇ. ಸೋಲಾರಿಗೆ ಶಾಲೆಗಿಂತ ಹೇಳಿ ಮಾಡಿಸಿದ ಕಟ್ಟಡ ಇಲ್ಲ.

ಆದರೂ ಎಡವುತ್ತದೆ. ಹೆಸರು ಬೇಡ, ಒಂದು ಶಾಲೆಗೆ ಹೋದಾಗ ಆಯಾ ಹೇಳಿದರು: "ತಾರಸಿ ಬೀಗದ ಕೈ ನನ್ನತ್ರ ಇಲ್ಲ ಸಾರ್. ಹಳೇ ಹೆಡ್ ಮೇಷ್ಟ್ರತ್ರ ಇತ್ತು, ಅವ್ರು ರಿಟೈರಾಗಿ ಹೋದ್ರು." ಬೀಗ ಒಡೆಸಿ ಹತ್ತಿದೆವು. ದಾನಿಗಳು ಕೊಡಿಸಿದ್ದ ಪ್ಯಾನೆಲ್‌ಗಳ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು, ಪಾರಿವಾಳದ ಹಿಕ್ಕೆ. ಕೆಳಗೆ ಬ್ಯಾಟರಿಯ ಮುಚ್ಚಳ ತೆಗೆದರೆ ಡಿಸ್ಟಿಲ್ಡ್ ವಾಟರ್ ತಳ ಕಂಡಿತ್ತು. ತಾರಸಿಯಲ್ಲಿ ತೊಳೆಯಲು ಒಂದು ನಲ್ಲಿಯೂ ಇಲ್ಲ. ಇಪ್ಪತ್ತೈದು ವರ್ಷ ಬಾಳಬೇಕಾದ ವಸ್ತು ಬೀಗದ ಹಿಂದೆ ಸತ್ತಿತ್ತು. ಉದ್ಘಾಟನೆಯ ಫೋಟೋ ಮಾತ್ರ ಆಫೀಸಿನ ಗೋಡೆಯ ಮೇಲಿತ್ತು. ಅವತ್ತು ನನಗೆ ನಿಜವಾಗಿ ಸಿಟ್ಟು ಬಂತು.

ಅಂದಿನಿಂದ ನಾವು ಪ್ಯಾನೆಲ್ ಮಾತನ್ನು ಕೊನೆಗೆ ಆಡುತ್ತೇವೆ. ಮೊದಲು ಫ್ಯಾನ್ ಎಣಿಸುತ್ತೇವೆ. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್ ತಿನ್ನುತ್ತದೆ, ಹೊಸ ಬಿಎಲ್‌ಡಿಸಿ ಫ್ಯಾನ್ ಸುಮಾರು 30. ಇಪ್ಪತ್ತು ಫ್ಯಾನ್ ದಿನಕ್ಕೆ ಆರು ಗಂಟೆ ತಿರುಗಿದರೆ 9 ಯೂನಿಟ್ ಹೋಗುವ ಕಡೆ 3.6 ಯೂನಿಟ್ ಸಾಕು. ಬೆಂಗಳೂರಿನ ಬಿಸಿಲಿಗೆ ಒಂದು ಕಿಲೋವ್ಯಾಟ್ ಪ್ಯಾನೆಲ್ ಕೊಡುವುದೇ ದಿನಕ್ಕೆ ಸರಾಸರಿ 4 ಯೂನಿಟ್. ಲೆಕ್ಕ ನೀವೇ ಹಾಕಿ. ಆಮೇಲೆ ಸೋರುವ ತಾರಸಿ, ಅರ್ಥಿಂಗ್ ಗುಂಡಿ, ಹಳೆಯ ವೈರಿಂಗ್. ಬಿಲ್ಲಿನ ಆರ್.ಆರ್. ನಂಬರ್ ಇನ್ನೂ ತೀರಿಹೋದವರ ಹೆಸರಲ್ಲಿದ್ದರೆ ಅದನ್ನು ಬದಲಾಯಿಸಿಕೊಳ್ಳುವ ಓಡಾಟ.

ನೆರಳಿನ ವಿಷಯ ಬೇರೆಯೇ. ನಾನು ಹುಡುಗನಾಗಿದ್ದಾಗ ಇಲ್ಲಿ 30-40 ಸೈಟುಗಳಲ್ಲಿ ಒಂದಂತಸ್ತಿನ ಮನೆಗಳು, ತಾರಸಿಯ ಮೇಲೆ ನಿಂತರೆ ಸುತ್ತ ಬರೀ ಆಕಾಶ. ಈಗ ಅದೇ ಸೈಟಿನಲ್ಲಿ ನಾಲ್ಕಂತಸ್ತು. ಪ್ಯಾನೆಲ್‌ಗಳನ್ನು ಸಾಲಾಗಿ ಒಂದಕ್ಕೊಂದು ಜೋಡಿಸಿರುತ್ತಾರೆ. ನೀರಿನ ಟ್ಯಾಂಕಿನ ನೆರಳು ಒಂದರ ಮೇಲೆ ಬಿದ್ದರೂ ಇಡೀ ಸಾಲಿನ ಉತ್ಪಾದನೆ ಇಳಿಯಬಹುದು. ಹಾಗಾಗಿ ಎಂಟನೇ ಕ್ಲಾಸಿನ ಮಕ್ಕಳ ಕೈಗೆ ಸೀಮೆಸುಣ್ಣ ಕೊಡುತ್ತೇವೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮೇಷ್ಟ್ರ ಜೊತೆ ಹೋಗಿ ನೆರಳಿನ ಅಂಚಿಗೆ ಗೆರೆ ಎಳೆಯುತ್ತಾರೆ. ಡಿಸೆಂಬರಿನಲ್ಲಿ ಎಳೆದ ಗೆರೆಗೇ ಬೆಲೆ, ಮಧ್ಯಾಹ್ನದ ನೆರಳು ಉತ್ತರಕ್ಕೆ ಉದ್ದ ಚಾಚುವುದು ಆಗ. ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ನಡುಮಧ್ಯಾಹ್ನ ಬೆಂಗಳೂರಿನಲ್ಲಿ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಇದನ್ನು ಕಂಡ ಮಕ್ಕಳಿಗೆ ಭೂಗೋಳದ ಆ ಪಾಠ ಮತ್ತೆ ಹೇಳಬೇಕಾಗಿಲ್ಲ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಬ್ಯಾಟರಿ ಇಲ್ಲದೆ ಬೆಸ್ಕಾಂ ಲೈನಿಗೆ ಜೋಡಿಸಿದ ಸೋಲಾರ್, ಕರೆಂಟು ಹೋದಾಗ ತಾನೂ ನಿಲ್ಲುತ್ತದೆ, ಬಿಸಿಲು ಎಷ್ಟೇ ಇರಲಿ. ಕಂಬದ ಮೇಲೆ ರಿಪೇರಿ ಮಾಡುವ ಲೈನ್‌ಮನ್‌ಗೆ ನಮ್ಮ ತಾರಸಿಯಿಂದ ಶಾಕ್ ಹೊಡೆಯಬಾರದಲ್ಲ. ಇದು ಗೊತ್ತಿಲ್ಲದೆ ಹಾಕಿಸಿ, ಆಮೇಲೆ ಮೋಸವಾಯಿತೆಂದು ಕೂಗಾಡಿದವರನ್ನು ನೋಡಿದ್ದೇನೆ.

ಪಾವಗಡದ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಅದು ದೊಡ್ಡ ಸಾಧನೆಯೇ. ನನಗೆ ಪಾಠ ಕಲಿಸಿದ್ದು ಮಾತ್ರ ಬೆಂಗಳೂರಿನದೇ ಆದ, 1995ರಲ್ಲಿ ಹುಟ್ಟಿದ ಸೆಲ್ಕೋ ಸಂಸ್ಥೆಯ ಒಂದು ಸಣ್ಣ ಯೋಜನೆ. 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆಯವರು ಅದರ ಸ್ಥಾಪಕರಲ್ಲೊಬ್ಬರು. ಹಳ್ಳಿ ಶಾಲೆಯ ಮೇಲೆ ಪ್ಯಾನೆಲ್, ಮಗುವಿನ ಚೀಲದಲ್ಲಿ ಪುಟ್ಟ ಬ್ಯಾಟರಿ. ಶಾಲೆಗೆ ಬಂದರೆ ಚಾರ್ಜು, ರಾತ್ರಿ ಮನೆಯಲ್ಲಿ ದೀಪ. ಅಲ್ಲಿ ಬೀಗದ ಕೈ ಮಗುವಿನ ಕೈಯಲ್ಲೇ ಇದೆ.

2023ರಲ್ಲಿ ಸರ್ಕಾರಿ ಶಾಲೆಗಳಿಗೆ ರಾಜ್ಯ ಉಚಿತ ವಿದ್ಯುತ್ ಘೋಷಿಸಿತು, ಒಳ್ಳೆಯದಾಯಿತು. ಅನುದಾನಿತ ಶಾಲೆಗಳು ಬಿಲ್ಲು ಕಟ್ಟುತ್ತಲೇ ಇವೆ. ಪಿ.ಎಂ. ಸೂರ್ಯ ಘರ್ ಯೋಜನೆಯ ಸಹಾಯಧನ ಮನೆಗಳಿಗೆ ಮಾತ್ರ. ಹೀಗಿರುವಾಗ ಹಳೆಯ ವಿದ್ಯಾರ್ಥಿಗಳೇ ಮುಂದೆ ಬರಬೇಕು.

ನೀವು ಓದಿದ ಶಾಲೆಗೆ ಒಮ್ಮೆ ಹೋಗಿ. ದುಡ್ಡಿನ ಮಾತು ಆಮೇಲೆ. ಮೊದಲು ತಾರಸಿಯ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿ, ಮೇಲೆ ಒಂದು ನಲ್ಲಿ ಹಾಕಿಸಿಕೊಡಿ.