ಬಾಗಿಲೊಳಗೆ ಬಂದ ಮೋಡ

ನಿವೃತ್ತಿಯ ಬಳಿಕ ದಂಪತಿಗಳು ಕಾಶಿಗೆ ಹೋಗಿಬರುವುದು ನಮ್ಮ ಕಡೆಯ ವಾಡಿಕೆ. ನಮ್ಮ ಮನೆಯವರೂ ಅದನ್ನೇ ಎಣಿಸಿದ್ದರು. ಬ್ಯಾಂಕಿನಲ್ಲಿ ಆಯುಷ್ಯದ ಬಹುಪಾಲು ಲೆಕ್ಕ ಬರೆದ ಅವರು ಯಾತ್ರೆಗೂ ಒಂದು ಹಾಳೆಯಲ್ಲಿ ದಿನವಹಿ ಬರೆದಿಟ್ಟಿದ್ದರು. ನಾನು "ಸಿಲೋನಿಗೆ ಹೋಗೋಣ" ಎಂದಾಗ ಕನ್ನಡಕ ತೆಗೆದು ನನ್ನ ಮುಖ ನೋಡಿದರು.

"ಅಲ್ಲೇನಿದೆ?"

"ಗುಡ್ಡವಿದೆ, ಚಹಾ ಇದೆ" ಎಂದೆ. ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಅವರು ಮತ್ತೆ ಕೇಳಲಿಲ್ಲ. ಹಾಳೆಯನ್ನು ಮಡಚಿಟ್ಟು ಹೊಸದೊಂದು ಹಾಳೆ ತೆಗೆದರು.

ಹೀಗೆ ಕಳೆದ ಫೆಬ್ರವರಿಯಲ್ಲಿ ನಾವಿಬ್ಬರೂ ಕೊಲಂಬೊ ಕೋಟೆ ನಿಲ್ದಾಣದಲ್ಲಿ ಕ್ಯಾಂಡಿಯ ರೈಲಿಗೆ ಕಾದು ನಿಂತೆವು. ಫಲಕಗಳಲ್ಲಿ ಸಿಂಹಳ, ತಮಿಳು, ಇಂಗ್ಲಿಷು. ಸಿಂಹಳದ ದುಂಡಗಿನ ಅಕ್ಷರಗಳು ದೂರದಿಂದ ನಮ್ಮವೇ ಎನ್ನಿಸುತ್ತವೆ. ಹತ್ತಿರ ಹೋದರೆ ಒಂದೂ ಒಲಿಯುವುದಿಲ್ಲ. ಮದುವೆಯಾಗಿ ಕಾಸರಗೋಡಿಗೆ ಬಂದ ಹೊಸದರಲ್ಲಿ ಮಲಯಾಳದ ಬೋರ್ಡುಗಳ ಮುಂದೆ ನಾನು ಹೀಗೆಯೇ ನಿಂತಿದ್ದೆ. ಆದರೆ ಕಿವಿಗೆ ಈ ಭಾಷೆ ಅಷ್ಟು ದೂರದ್ದಲ್ಲ. ನಮಸ್ಕಾರಕ್ಕೆ ಅವರು 'ಆಯುಬೋವನ್' ಎನ್ನುತ್ತಾರೆ. ಅದರಲ್ಲಿ ಆಯುಷ್ಯದ ಹರಕೆಯಿದೆ. ಉಪಕಾರ ಸ್ಮರಿಸಲು 'ಸ್ತೂತಿಯಿ' ಎನ್ನುತ್ತಾರೆ. ಅದು ನಮ್ಮ ಸ್ತುತಿ. ಕ್ಯಾಂಡಿಯನ್ನು ಅವರು ಕರೆಯುವುದು 'ಮಹನುವರ' ಎಂದು, ಅಂದರೆ ಮಹಾನಗರ. ಭಾಷಾವಿಜ್ಞಾನದ ಪತ್ರಿಕೆಗೆ ಓದುತ್ತಿರುವ ವಿದ್ಯಾರ್ಥಿ ಮಿತ್ರರು ಅಲ್ಲಿದ್ದರೆ ಮಧ್ಯಾಹ್ನದೊಳಗೆ ಒಂದು ಟಿಪ್ಪಣಿ ಬರೆದುಬಿಡುತ್ತಿದ್ದರು.

ಆ ರೈಲುಹಾದಿ ಕ್ಯಾಂಡಿಯನ್ನು ಮುಟ್ಟಿದ್ದು 1867ರಲ್ಲಿ, ಕಾಫಿಯನ್ನು ಕಡಲಿಗಿಳಿಸುವುದಕ್ಕಾಗಿ. ಅದೇ ವರ್ಷ ಜೇಮ್ಸ್ ಟೇಲರ್ ಎಂಬಾತ ಲೂಲಕಂದುರ ತೋಟದ 19 ಎಕರೆಯಲ್ಲಿ ಚಹಾ ನೆಟ್ಟ. ಎರಡು ವರ್ಷದಲ್ಲಿ ಕಾಫಿಗೆ ಎಲೆರೋಗ ತಗುಲಿತು. ಕಾಫಿ ಅಳಿದ ಗುಡ್ಡಗಳನ್ನೆಲ್ಲ ಮುಂದೆ ಚಹಾ ಆವರಿಸಿತು. ಗಿಡ ಬದಲಾದರೂ ದುಡಿಯುವ ಕೈ ಬದಲಾಗಲಿಲ್ಲ. ತಮಿಳುನಾಡಿನ ಬರಪೀಡಿತ ಹಳ್ಳಿಗಳಿಂದ ಕಂಗಾಣಿಗಳು ಕರೆತಂದವರೇ ಆ ಗುಡ್ಡಗಳನ್ನು ಹಸುರಾಗಿಸಿದರು.

ಮೊದಲ ಎರಡು ದಿನ ಕ್ಯಾಂಡಿಯಲ್ಲಿ ಸುಖವಾಗಿ ಕಳೆದುವು. ಎಳೆ ಹಲಸಿನ 'ಪೊಲೊಸ್' ಪಲ್ಯವನ್ನು ಕಂಡು ಇವರು "ಇದು ನಮ್ಮ ಗುಜ್ಜೆಯಲ್ಲವೇ!" ಎಂದು ಎರಡು ಸಲ ಬಡಿಸಿಕೊಂಡರು. ತೆಂಗಿನ ತುರಿಯ ಸಂಬೋಲವನ್ನು ಬಾಯಿಗಿಡುವಷ್ಟರಲ್ಲಿ ಅದರಲ್ಲಿ ಒಣಮೀನಿನ ಪುಡಿಯಿದೆಯೆಂದು ತಿಳಿದು ತಟ್ಟೆಯನ್ನು ಮೆಲ್ಲನೆ ಸರಿಸಿದರು. ದಂತಧಾತುವಿನ ಮಂದಿರದ ಸಂಜೆಯ ಪೂಜೆಯಲ್ಲಿ ಡೋಲು ಮೊಳಗಿದಾಗ ನಮ್ಮೂರ ಜಾತ್ರೆಯಲ್ಲಿ ನಿಂತಂತಾಯಿತು. ಎದುರಿನ ಸರೋವರವನ್ನು ಕಟ್ಟಿಸಿದವನು ಕ್ಯಾಂಡಿಯ ಕೊನೆಯ ಅರಸ ಶ್ರೀ ವಿಕ್ರಮ ರಾಜಸಿಂಹ. 1815ರಲ್ಲಿ ರಾಜ್ಯ ಕಳೆದುಕೊಂಡ ಅವನನ್ನು ಬ್ರಿಟಿಷರು ಕಡಲು ದಾಟಿಸಿ ವೆಲ್ಲೂರಿನ ಕೋಟೆಯಲ್ಲಿಟ್ಟರು. ಅವನು ಸತ್ತದ್ದೂ ಅಲ್ಲಿಯೇ, 1832ರಲ್ಲಿ. ಇವರು ಅದನ್ನು ಓದಿ, "ಅರಸನಾದರೂ ಅಷ್ಟೇ, ಕಳುಹಿಸಿದ ಕಡೆಗೆ ಹೋಗಬೇಕು" ಎಂದರು. ನಾನು ಮಾತನಾಡಲಿಲ್ಲ.

ಮೂರನೆಯ ದಿನ ಬೆಳಗ್ಗೆ ನಾನುಓಯ ನಿಲ್ದಾಣದ ಕಡೆಗೆ ರೈಲು ಏರತೊಡಗಿತು. ಹ್ಯಾಟನ್ ದಾಟಿದ ಮೇಲೆ ಎರಡೂ ಕಡೆ ಚಹಾ. ನಡುನಡುವೆ ಉದ್ದಕ್ಕೆ ಒಂದೇ ಮಾಡಿನ ಸಾಲುಮನೆಗಳು, ಅವರ ಬಾಯಲ್ಲಿ 'ಲಯ'ಗಳು. ಒಂದು ತಿರುವಿನಲ್ಲಿ ಮಂಜು ಕಿಟಕಿಯೊಳಗೆ ನುಗ್ಗಿ ಎದುರಿನ ಆಸನವನ್ನು ಮರೆಮಾಡಿತು. ನಾನು ಅತ್ತುಬಿಟ್ಟೆ. ಇವರು ಗಾಬರಿಯಾಗಿ ನೀರಿನ ಬಾಟಲಿ ಹುಡುಕಿದರು. ಐವತ್ತು ವರ್ಷ ಹೇಳದೆ ಉಳಿಸಿಕೊಂಡದ್ದನ್ನು ಆಗ ಹೇಳಿದೆ.

ನನ್ನ ತವರು ಸುಳ್ಯದ ಕಡೆ. 1948ರ ಪೌರತ್ವ ಕಾನೂನಿನಿಂದ ಸಿಲೋನಿನ ತೋಟಗಳ ಲಕ್ಷಾಂತರ ತಮಿಳರು ಯಾವ ದೇಶಕ್ಕೂ ಸೇರದವರಾದರು. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆಯವರ ನಡುವೆ ಒಪ್ಪಂದವಾಯಿತು: 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ, ಉಳಿದ 1,50,000 ಜನರ ಮಾತು ಮುಂದಕ್ಕೆ. ಹಾಗೆ ಬಂದವರಲ್ಲಿ ಕೆಲವರಿಗೆ ನೀಲಗಿರಿಯ ಚಹಾತೋಟಗಳಲ್ಲಿ, ಕೆಲವರಿಗೆ ನಮ್ಮ ಸುಳ್ಯ, ಪುತ್ತೂರುಗಳ ಸರಕಾರಿ ರಬ್ಬರು ತೋಟಗಳಲ್ಲಿ ಕೆಲಸ ದೊರೆಯಿತು. ಇವೆಲ್ಲ ಆಮೇಲೆ ಓದಿ ತಿಳಿದುಕೊಂಡದ್ದು. ಆಗ ನನಗೆ ತಿಳಿದಿದ್ದುದು ಇಷ್ಟೇ: ನಾಲ್ಕನೆಯ ತರಗತಿಯಲ್ಲಿ ನನ್ನ ಪಕ್ಕ ರಬ್ಬರು ಕಾಲೊನಿಯ ಒಬ್ಬ ಹುಡುಗಿ ಕುಳಿತಿದ್ದಳು.

ಅಧ್ಯಾಪಕರು 'ನನ್ನ ಊರು' ಎಂಬ ಪ್ರಬಂಧ ಕೊಟ್ಟರು. ಪುಸ್ತಕ ಒಟ್ಟುಮಾಡುವ ಕೆಲಸ ತರಗತಿಯ ನಾಯಕಿಯಾದ ನನ್ನದು. ಅವಳು ಆಗಷ್ಟೇ ಕಲಿತ ಕನ್ನಡದಲ್ಲಿ ಮೂರು ವಾಕ್ಯ ಬರೆದಿದ್ದಳು: ನನ್ನ ಊರು ದೂರ. ಅಲ್ಲಿ ಮೋಡ ಬಾಗಿಲಿನಿಂದ ಒಳಗೆ ಬರುತ್ತದೆ. ಅಮ್ಮ ಅದನ್ನು ಹೊರಗೆ ಹಾಕುತ್ತಾಳೆ. ನಾನು ಅದನ್ನು ರಾಗವೆಳೆದು ಗಟ್ಟಿಯಾಗಿ ಓದಿದೆ. ತರಗತಿಯಿಡೀ ನಕ್ಕಿತು. ಅಧ್ಯಾಪಕರೂ ನಕ್ಕು, "ಈಗ ನಿನ್ನ ಊರು ಇದೇ ಅಲ್ಲವೇ? ಇದನ್ನೇ ಬರೆ" ಎಂದರು. ಮರುದಿನ ಅವಳು ನನ್ನ ಪುಸ್ತಕವನ್ನೇ ಕೇಳಿ ಪಡೆದು, ನೋಡಿ ಬರೆದಳು: ನಮಗೆ ಅಡಿಕೆ ತೋಟವಿದೆ, ಹಟ್ಟಿಯಲ್ಲಿ ಎರಡು ದನಗಳಿವೆ. ತೋಟವೂ ಇಲ್ಲದ, ಹಟ್ಟಿಯೂ ಇಲ್ಲದ ಅವಳಿಗೆ ಅಧ್ಯಾಪಕರು ಕೆಂಪು ಶಾಯಿಯಲ್ಲಿ 'ಚೆನ್ನಾಗಿದೆ' ಎಂದು ಬರೆದುಕೊಟ್ಟರು. ಮುಂದಿನ ವರ್ಷ ಅವಳು ಶಾಲೆಗೆ ಬರಲಿಲ್ಲ. ಬೆಳಗಿನ ಹೊತ್ತು ತಾಯಿಯೊಡನೆ ರಬ್ಬರು ಹಾಲು ಒಟ್ಟುಮಾಡುವುದನ್ನು ಒಂದೆರಡು ಸಲ ಕಂಡಿದ್ದೆ.

ಸುಳ್ಯದ ಪಯಸ್ವಿನಿ ಹರಿದುಬಂದು ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯಾಗಿ ಕಡಲು ಸೇರುತ್ತದೆ. ನಾನೂ ಆ ಹೊಳೆಯ ಹಾದಿಯಲ್ಲೇ ಬಂದು ಇಲ್ಲಿ ಕನ್ನಡ ಅಧ್ಯಾಪಕಿಯಾದೆ. ಕಚೇರಿಯೊಂದರಲ್ಲಿ ನನ್ನ ಮುರುಕು ಮಲಯಾಳಕ್ಕೆ ಗುಮಾಸ್ತರು ನಕ್ಕ ದಿನ ಮನೆಗೆ ಬಂದು ಊಟ ಮಾಡಿರಲಿಲ್ಲ. 1956ರ ನವೆಂಬರ್ 1ರಂದು ಮನೆಯಿಂದ ಕದಲದೆಯೇ ಕಾಸರಗೋಡಿನ ಕನ್ನಡಿಗರು ಬೇರೆ ರಾಜ್ಯದವರಾದ ಕಥೆಯನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಅದೇ ವರ್ಷ ಸಿಲೋನಿನಲ್ಲಿ ಸಿಂಹಳವೊಂದೇ ಆಡಳಿತ ಭಾಷೆಯೆಂಬ ಕಾನೂನು ಬಂತೆಂಬುದನ್ನು ಮಾತ್ರ ಒಮ್ಮೆಯೂ ಹೇಳಲಿಲ್ಲ. ಪ್ರತಿವರ್ಷ 'ನನ್ನ ಊರು' ಪ್ರಬಂಧ ಬರೆಯಿಸಿದೆ. ಪ್ರತಿವರ್ಷ ಆ ಮೂರು ವಾಕ್ಯಗಳು ನೆನಪಾದುವು. ನಮ್ಮನ್ನು ನೋಡಿ ನಕ್ಕವರ ಲೆಕ್ಕ ನನ್ನಲ್ಲಿ ಚೆನ್ನಾಗಿತ್ತು. ನಾನು ನಕ್ಕದ್ದನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ.

ಇವರು ಎಲ್ಲವನ್ನೂ ಕೇಳಿ, "ಆಗ ನಿನಗೆ ಒಂಬತ್ತು ವರ್ಷ" ಎಂದರು. "ಅವಳಿಗೂ ಒಂಬತ್ತೇ" ಎಂದೆ.

ನಾನುಓಯದಲ್ಲಿ ಇಳಿದ ಮೇಲೆ ನಮ್ಮನ್ನು ನುವರ ಎಳಿಯಕ್ಕೆ ಕರೆದೊಯ್ದ ರಿಕ್ಷಾದ ತರುಣ ತೋಟದ ತಮಿಳರವನು. ನನ್ನ ಮಲಯಾಳ ಬೆರೆತ ತಮಿಳನ್ನು ಕೇಳಿ, ಸಂತೋಷದಿಂದ ದಾರಿ ತಿರುಗಿಸಿ ತನ್ನ ಲಯದ ಮನೆಗೆ ಕರೆದುಕೊಂಡು ಹೋದ. ಅವನ ಅಜ್ಜಿ ಹಾಲಿಲ್ಲದ 'ಪ್ಲೇನ್ ಟೀ'ಯನ್ನು ಬೆಲ್ಲದ ತುಂಡಿನೊಡನೆ ಕೊಟ್ಟರು. "ಒಳ್ಳೆಯ ಎಲೆ ಹಡಗು ಹತ್ತುತ್ತದೆ ಅಮ್ಮಾ, ನಮಗೆ ಉಳಿಯುವುದು ಹುಡಿ" ಎಂದು ನಕ್ಕರು. ಭಾರತದಿಂದ ಬಂದವರೆಂದು ತಿಳಿದಾಗ ಅವರ ನಗು ನಿಂತಿತು. ಅವರ ಅಕ್ಕನ ಸಂಸಾರಕ್ಕೆ ಭಾರತದ ಪಾಸ್‌ಪೋರ್ಟು ಬಂದಿತ್ತಂತೆ. ಇವರಿಗೆ ಇಲ್ಲಿಯ ಪೌರತ್ವ. ಮೊದಲು ಕಾಗದಗಳು ಬರುತ್ತಿದ್ದುವು, ಆಮೇಲೆ ನಿಂತುವು.

"ಅಲ್ಲಿ ಅವರಿಗೆ ಚಹಾದ ಕೆಲಸವೇ ಸಿಕ್ಕಿತೇ?" ಎಂದು ಕೇಳಿದರು.

"ಕೆಲವರಿಗೆ ರಬ್ಬರು" ಎಂದೆ. "ನಮ್ಮೂರಿಗೂ ಬಂದಿದ್ದರು. ಒಬ್ಬಳು ನನ್ನ ಜೊತೆ ಓದುತ್ತಿದ್ದಳು."

"ಚೆನ್ನಾಗಿ ಓದಿದಳೇ?"

ನಾನು ಚಹಾದ ಲೋಟವನ್ನು ನೋಡುತ್ತ, "ಚೆನ್ನಾಗಿ ಬರೆಯುತ್ತಿದ್ದಳು" ಎಂದೆ. ಅದು ನಿಜವಾಗಿತ್ತು.

ಆ ರಾತ್ರಿ ವಸತಿಗೃಹದ ಬಾಗಿಲು ತೆರೆದಿತ್ತು. ಅಂಗಳದಿಂದ ಮೋಡ ಹೊಸ್ತಿಲು ದಾಟಿ ಒಳಗೆ ಬಂತು. ನನ್ನ ಕೆಮ್ಮಿಗೆ ಹೆದರಿ ಇವರು ಬಾಗಿಲು ಮುಚ್ಚಲು ಎದ್ದರು. ನನ್ನ ಮುಖ ನೋಡಿ ಹಾಗೆಯೇ ಬಿಟ್ಟು, ಶಾಲನ್ನು ತಂದು ಹೊದೆಸಿದರು. ಆಮೇಲೆ ದಿನವಹಿಯ ಹಾಳೆ ಬಿಡಿಸಿದರು. ನಾಲ್ಕನೆಯ ದಿನಕ್ಕೆ ಹಾರ್ಟನ್ ಪ್ಲೇನ್ಸ್ ಎಂದು ಬರೆದಿತ್ತು. ಅದರ ಮೇಲೆ ಗೀಟು ಎಳೆದರು.

"ಬೆಳಗ್ಗೆ ಆ ಅಜ್ಜಿಯ ಮನೆಗೆ ಇನ್ನೊಮ್ಮೆ ಹೋಗೋಣ. ಅಕ್ಕನ ಹೆಸರು, ಭಾವನ ಹೆಸರು, ಹೊರಟ ವರ್ಷ, ಇಷ್ಟನ್ನು ಕೇಳಿಕೊಂಡು ಬರೋಣ. ಸುಳ್ಯದ ಕಾಲೊನಿಯಲ್ಲಿ ಹಳಬರು ಯಾರಾದರೂ ಇದ್ದಾರು. ನಿನ್ನ ಸಹಪಾಠಿಯನ್ನೂ ವಿಚಾರಿಸಬಹುದು. ಅವಳ ಹೆಸರೇನು?"

ನಾನು ಹೆಸರು ಹೇಳಿದೆ. ಅವರು ಅದನ್ನು ಮೊದಲ ಸಾಲಿನಲ್ಲಿ ಬರೆದುಕೊಂಡರು.